ನಡುಗೆರೆಯ ಮೇಜು

ಒಂದು ಮೇಜು ಯಾವ ಆಕಾರದಲ್ಲಿರಬೇಕು ಎಂದು ಎರಡು ದೇಶಗಳು ಏಳು ತಿಂಗಳು ಜಗಳವಾಡಿದವು. ಕೇಳಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಜಗಳದ ಆಚೆ ಬದಿಯಲ್ಲಿ ನನ್ನ ಅಕ್ಕ ಇದ್ದಳು.

ಹೊಳೆಯ ಆಚೆ ಅವರ ದೇಶ, ಈಚೆ ನಮ್ಮದು. ಎರಡೂ ದಡದಲ್ಲಿ ಮಾತು ಒಂದೇ, ಬೈಗುಳವೂ ಒಂದೇ. ನಾನು ಹುಟ್ಟಿದ್ದು ಆಚೆ, ಮರಗೆಲಸದ ಮನೆಯಲ್ಲಿ. ಅಪ್ಪ ಹೆಣ್ಣುಮಕ್ಕಳಿಬ್ಬರಿಗೂ ಪಾಲಿಶ್ ಕೆಲಸ ಕಲಿಸಿದ. ನಿಜ ಹೇಳಬೇಕೆಂದರೆ ಅವನು ಕಲಿಸಿದ್ದು ಅಕ್ಕನಿಗೆ, ನನಗೆ ಕಲಿಸಿದ್ದು ಅಕ್ಕ. ಮದುವೆಯಾಗಿ ಈಚೆ ಬಂದಾಗ ಸೇತುವೆ ತೆರೆದಿತ್ತು. ತಿಂಗಳಿಗೊಮ್ಮೆ ಬೆಳಿಗ್ಗೆ ಹೋಗಿ, ಅಕ್ಕನ ಹತ್ತಿರ ಹೊಟ್ಟೆ ತುಂಬಾ ತಿಂದು, ಕಿವಿ ತುಂಬಾ ಬೈಸಿಕೊಂಡು, ಸಂಜೆಗೆ ವಾಪಸಾಗುತ್ತಿದ್ದೆ. ಕೊನೆಯ ಸಲ ಹೋದಾಗ ಒಂದು ಬಾಟಲಿ ಅರಗಿನ ಪಾಲಿಶ್ ವಿಷಯಕ್ಕೆ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ನಾನು ಮೂತಿ ತಿರುಗಿಸಿಕೊಂಡು, ಹೋಗಿ ಬರ್ತೀನಿ ಅನ್ನದೆ ಎದ್ದು ಬಂದೆ. ಮುಂದಿನ ತಿಂಗಳು ಹೋಗಿ ಸರಿಮಾಡಿಕೊಂಡರಾಯಿತು ಅಂದುಕೊಂಡಿದ್ದೆ. ಹತ್ತು ದಿನಕ್ಕೆ ಸೇತುವೆ ಮುಚ್ಚಿತು.

ಅದಾಗಿ ಹದಿನಾಲ್ಕು ವರ್ಷ. ಫೋನು ಹೋಗುವುದಿಲ್ಲ, ಕಾಗದ ಹೋಗುವುದಿಲ್ಲ. ಯಾರ ಯಾರ ಮೂಲಕವೋ ಹೇಳಿ ಕಳಿಸೋಣವೆಂದರೆ ಹಾಗೆ ಮಾಡಿದ ಪಕ್ಕದ ಬೀದಿಯ ದರ್ಜಿಯನ್ನು ಎರಡು ವಾರ ಕೂಡಿಹಾಕಿದ್ದರು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳಿಗೆ ಈಗ ಎಷ್ಟು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟುಬಿಡುತ್ತಿದ್ದೆ.

ಮಾತುಕತೆ ಶುರುವಾಗುತ್ತದೆ, ಸೇತುವೆ ತೆರೆಯಬಹುದು ಎಂಬ ಸುದ್ದಿ ಬಂದದ್ದು ಆಗ. ಸೇತುವೆಯ ನಟ್ಟನಡುವೆ ಹಳೆಯ ಸುಂಕದ ಕಟ್ಟೆಯ ಕೋಣೆಯೊಂದಿದೆ. ಎರಡೂ ಕಡೆಯವರು ಅಲ್ಲಿ ಕೂರಬೇಕು. ಆದರೆ ಯಾವುದರ ಮುಂದೆ ಕೂರುವುದು? ಉದ್ದನೆಯ ಮೇಜಾದರೆ ತಲೆಯ ಕಡೆ ಯಾರು? ದುಂಡಗಿನದಾದರೆ ಗಡಿ ಎಲ್ಲಿ? ಏಳು ತಿಂಗಳ ಮೇಲೆ ತೀರ್ಮಾನವಾಯಿತು: ಅರ್ಧ ಮೇಜು ಅವರು ಮಾಡಿಸಬೇಕು, ಅರ್ಧ ನಾವು. ಸೇತುವೆಯ ಮೇಲೆ ತಂದು ಬೋಲ್ಟು ಹಾಕಿ ಸೇರಿಸುವುದು. ನಡುವಿನ ಸಂದೇ ಗಡಿ. ನಮ್ಮ ಕಡೆಯ ಅರ್ಧದ ಕೆಲಸ ನಮ್ಮ ಯಜಮಾನರ ಕೈಗೆ ಬಂತು. ಮರಗೆಲಸ ಅವರದು, ಪಾಲಿಶ್ ನನ್ನದು.

ಕೆಲಸ ಒಪ್ಪಿಸಲು ಇಬ್ಬರು ಬಂದರು. ಒಬ್ಬರು ಶಿಷ್ಟಾಚಾರ ವಿಭಾಗದ ಅಧಿಕಾರಿ. ದೇಶದ ಮರ್ಯಾದೆ ಎಲ್ಲೂ ಒಂದು ಕೂದಲಷ್ಟೂ ಕಡಿಮೆಯಾಗದಂತೆ ನೋಡಿಕೊಳ್ಳುವುದೇ ಅವರ ಉದ್ಯೋಗವಾದ್ದರಿಂದ ನಾನು ಅವರಿಗೆ ಮರ್ಯಾದೆ ಸಾಹೇಬರು ಎಂದು ಹೆಸರಿಟ್ಟೆ. ಇನ್ನೊಬ್ಬರು ಮೇಷ್ಟ್ರು. ದೇಶಗಳು ಹೇಗೆ ನಡೆದುಕೊಳ್ಳುತ್ತವೆ, ಯಾಕೆ ಹಾಗೆ ನಡೆದುಕೊಳ್ಳುತ್ತವೆ ಎಂಬುದನ್ನು ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ, ಈಗ ಸರ್ಕಾರಕ್ಕೆ ಸಲಹೆಗಾರರಾಗಿದ್ದವರು. ಮರ್ಯಾದೆ ಸಾಹೇಬರು ಟೇಪು ಹಿಡಿದು ಅಳೆಯುತ್ತಿದ್ದರೆ ಮೇಷ್ಟ್ರು ಹಲಗೆಗಳ ರಾಶಿಯ ಮೇಲೆ ಕೂತು ನನಗೆ ಪಾಠ ಶುರುಮಾಡುತ್ತಿದ್ದರು. ಕೇಳುವ ಕಿವಿ ಕಂಡರೆ ಬಿಡುವ ಪೈಕಿಯಲ್ಲ ಅವರು.

"ನೋಡಮ್ಮಾ, ಊರಲ್ಲಿ ಜಗಳ ಆದ್ರೆ ಪೊಲೀಸು ಇದ್ದಾನೆ. ದೇಶ ದೇಶದ ಮಧ್ಯೆ ಜಗಳ ಆದ್ರೆ? ಯಾರೂ ಇಲ್ಲ. ಮೇಲೊಬ್ಬ ಯಜಮಾನ ಇಲ್ಲ. ಅದಕ್ಕೇ ಪ್ರತಿ ದೇಶನೂ ತನ್ನ ತಲೆ ತಾನೇ ಕಾಯ್ಕೋಬೇಕು. ಪಕ್ಕದವನು ಒಳ್ಳೆಯವನೇ ಇರಬಹುದು, ಆದ್ರೆ ನಾಳೆಯೂ ಒಳ್ಳೆಯವನಾಗಿರ್ತಾನೆ ಅಂತ ಯಾರು ಗ್ಯಾರಂಟಿ ಕೊಡ್ತಾರೆ?"

"ಹಾಗಂತ?"

"ಹಾಗಂತ ನೀನು ಹೆದರಿ ಒಂದು ಗೋಡೆ ಎತ್ತಿಸ್ತೀಯ. ಬರೀ ರಕ್ಷಣೆಗೆ. ಅವನು ನಿನ್ನ ಗೋಡೆ ನೋಡಿ, ಇವಳು ಏನೋ ಮಸಲತ್ತು ಮಾಡ್ತಿದ್ದಾಳೆ ಅಂತ ಹೆದರ್ತಾನೆ. ತಾನೂ ಎತ್ತಿಸ್ತಾನೆ. ಇಬ್ಬರಿಗೂ ಕೆಟ್ಟದ್ದು ಮಾಡೋ ಮನಸ್ಸಿಲ್ಲ. ಆದ್ರೂ ಎರಡು ಗೋಡೆ ಆಯ್ತು, ಭಯ ದುಪ್ಪಟ್ಟಾಯ್ತು."

"ಇದನ್ನ ಕಲಿಯೋಕೆ ಎಷ್ಟು ವರ್ಷ ಓದಿದ್ರಿ ಮೇಷ್ಟ್ರೇ?"

"ಯಾಕಮ್ಮಾ?"

"ಒಂದೇ ಅಡುಗೆಮನೇಲಿ ಇಬ್ಬರು ವಾರಗಿತ್ತಿಯರ ಮಧ್ಯೆ ಮೂರು ದಿನ ಇದ್ದಿದ್ರೆ ಸಾಕಿತ್ತು."

ಮೇಷ್ಟ್ರು ಗಟ್ಟಿಯಾಗಿ ನಕ್ಕು ಅದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಒಳ್ಳೆಯ ಮನುಷ್ಯ. ಆದರೆ ಓದಿದವರ ಒಂದು ರೋಗ ಅವರಿಗೂ ಇತ್ತು. ಎದುರಿಗಿದ್ದವರು ಯಾಕೆ ಹಾಗಂದರು ಎಂದು ಕೇಳುತ್ತಿರಲಿಲ್ಲ, ಅಂದದ್ದು ಯಾವ ಸಿದ್ಧಾಂತಕ್ಕೆ ಹೊಂದುತ್ತದೆ ಎಂದಷ್ಟೇ ನೋಡುತ್ತಿದ್ದರು. ನನಗೆ ಆಚೆ ಯಾರಾದರೂ ಇದ್ದಾರೆಯೇ ಎಂದು ಅವರು ಕೇಳಲಿಲ್ಲ. ಕೆಲಸ ಎಲ್ಲಿ ಕೈತಪ್ಪುತ್ತದೋ ಎಂದು ಅಕ್ಕನ ವಿಷಯ ನಾನೂ ಹೇಳಲಿಲ್ಲ.

ಮೇಜಿನ ಎತ್ತರ ಕಾಗದದಲ್ಲಿ ಒಪ್ಪಂದವಾಗಿತ್ತು: ಮೂವತ್ತು ಅಂಗುಲ. ಯಜಮಾನರು ಕಾಲು ಕೂರಿಸಿ ಮುಗಿಸಿದ್ದರು. ಒಂದು ದಿನ ಮರ್ಯಾದೆ ಸಾಹೇಬರು ಬಂದು, ಬಾಗಿಲು ಹಾಕಿಸಿ, ಪಿಸುಗುಟ್ಟಿದರು. "ನಮ್ಮ ಕಡೇದು ಕಾಲು ಅಂಗುಲ ಎತ್ತರ ಇರ್ಲಿ. ಗೊತ್ತಾಗಬಾರದು. ಆದ್ರೆ ಇರ್ಬೇಕು."

ಯಜಮಾನರು ನನ್ನ ಮುಖ ನೋಡಿದರು. ಅವರು ಮಾತಿನವರಲ್ಲ; ಮೂವತ್ತು ವರ್ಷದಲ್ಲಿ ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ದಿನಪತ್ರಿಕೆ ತುಂಬುವುದಿಲ್ಲ. ಸುಮ್ಮನೆ ಕಾಲಿನ ತಳಕ್ಕೆ ಕಾಲು ಅಂಗುಲದ ತುಂಡು ಸೇರಿಸಿದರು. ವಾರ ಕಳೆಯಿತು. ಅವರ ಕಡೆಯವರು ಅರ್ಧ ಅಂಗುಲ ಎತ್ತರಿಸಿದ್ದಾರೆ ಎಂದು ನಮ್ಮ ಗೂಢಚಾರರಿಂದ ವರ್ತಮಾನ ಬಂತಂತೆ. ನಾವು ಮುಕ್ಕಾಲು ಮಾಡಿದೆವು. ಅವರು ಒಂದೂಕಾಲು ಮಾಡಿದರಂತೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುತ್ತಾರೆ. ಇಲ್ಲಿ ಎರಡೂ ಏರಿಗೇ ಎಳೆಯುತ್ತಿದ್ದವು. ಕೊನೆಗೆ ನಮ್ಮ ಅರ್ಧ ಮೇಜು ಮೂರು ಅಂಗುಲ ಬೆಳೆದು ಸೀಮೆಗಿಲ್ಲದ ಎತ್ತರವಾಗಿ ನಿಂತಿತು.

ಜೋಡಿಸುವ ದಿನ ನಮ್ಮನ್ನು ಸೇತುವೆಗೆ ಕರೆದೊಯ್ದರು. ಅವರ ಅರ್ಧ ಹಿಂದಿನ ದಿನವೇ ಬಂದು ನಿಂತಿತ್ತು. ಅದನ್ನು ತಂದವರು ವಾಪಸು ಹೋಗಿದ್ದರು. ಎರಡೂ ಕಡೆಯ ಕೆಲಸಗಾರರು ಮುಖಾಮುಖಿಯಾಗಕೂಡದು ಎಂಬುದು ಕಟ್ಟಳೆ. ನಮ್ಮದನ್ನು ತಳ್ಳಿಕೊಂಡು ಹೋಗಿ ಸೇರಿಸಿದೆವು. ಯಜಮಾನರು ಸಂದಿನ ಮೇಲೆ ಉಗುರು ಆಡಿಸಿದರು. ಉಗುರು ಎಲ್ಲೂ ತಡೆಯಲಿಲ್ಲ. ಎರಡೂ ಸರಿಸಮ.

ಮೇಷ್ಟ್ರಿಗೆ ಆದ ಸಂತೋಷ ಹೇಳತೀರದು. "ನೋಡಿದ್ಯಾ ತಾಯೀ! ಇದಕ್ಕೇ ಬಲದ ಸಮತೋಲ ಅನ್ನೋದು. ಇಬ್ಬರೂ ಮೋಸ ಮಾಡಿದ್ರು, ಇಬ್ಬರೂ ಸಮ ಆದ್ರು!"

"ಮೋಸ ಮಾಡದೆ ಇದ್ದಿದ್ರೂ ಸಮವೇ ಇರ್ತಿದ್ರಲ್ಲ ಮೇಷ್ಟ್ರೇ, ಮೂರು ಅಂಗುಲ ಮರ ಉಳೀತಿತ್ತು," ಎಂದೆ. ಆ ಮಾತು ಅವರು ಬರೆದುಕೊಳ್ಳಲಿಲ್ಲ.

ಆದರೆ ನನ್ನ ಗಮನ ಆಗಲೇ ಬೇರೆ ಕಡೆ ಇತ್ತು. ಕಿಟಕಿಯಿಂದ ಓರೆಯಾಗಿ ಬೆಳಕು ಬಿದ್ದಿತ್ತು. ಪಾಲಿಶ್ ಹಚ್ಚುವಾಗ ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ ಸಣ್ಣ ಸಣ್ಣ ಸುತ್ತಿನಲ್ಲಿ ತೀಡುತ್ತೇವೆ. ಒಣಗಿದ ಮೇಲೆ ಕೈಬಲ್ಲವರಿಗೆ ಆ ಸುತ್ತು ಯಾವ ಕಡೆ ತಿರುಗಿದೆ ಎಂದು ಕಾಣುತ್ತದೆ. ಆಚೆ ಅರ್ಧದ ಸುತ್ತುಗಳು ಎಡಕ್ಕೆ ತಿರುಗಿದ್ದವು. ಅಕ್ಕ ಎಡಚಿ. ಎಡಚರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂದು ಮನಸ್ಸಿಗೆ ಹೇಳಿಕೊಂಡೆ. ಬಿದ್ದ ಸ್ಕ್ರೂ ಹುಡುಕುವವಳಂತೆ ಬಗ್ಗಿ ಆಚೆ ಅರ್ಧದ ಅಂಚಿನ ಅಡಿಗೆ ಬೆರಳು ಹಾಕಿದೆ. ಅಲ್ಲಿ, ಯಾರ ಕಣ್ಣೂ ಬೀಳದ ಕಡೆ, ಬೆರಳು ಜಾರುವಷ್ಟು ನುಣುಪಾಗಿ ಪಾಲಿಶ್ ಆಗಿತ್ತು. ಕಾಣದ ಕಡೆಗೂ ಒಂದು ಕೈ ಹಾಕಿ ಎಂದು ಅಪ್ಪ ನಮ್ಮಿಬ್ಬರ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದ. ನಮ್ಮ ಅಪ್ಪನ ಮನೆಯವರನ್ನು ಬಿಟ್ಟು ಆ ದಂಡದ ಕೆಲಸ ಇನ್ನು ಯಾರೂ ಮಾಡುವುದಿಲ್ಲ.

ಅಕ್ಕ ಬದುಕಿದ್ದಳು. ಅವಳ ಕೈ ಇನ್ನೂ ನಡುಗುತ್ತಿರಲಿಲ್ಲ. ನಾನು ಮೇಜಿನ ಅಡಿಯಲ್ಲೇ ಸ್ವಲ್ಪ ಹೊತ್ತು ಕೂತೆ. ಎದ್ದು ಬಂದಾಗ ಯಜಮಾನರು, "ಏನಾಯ್ತೇ?" ಎಂದರು. ಕಿವಿಯಲ್ಲಿ ಹೇಳಿದೆ. ಅವರು ಆಚೆ ಅರ್ಧದ ಕಡೆ ನೋಡಿ, ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಮಾತುಕತೆ ಶುರುವಾಯಿತು. ದೊಡ್ಡ ದೊಡ್ಡ ಮಂದಿ ಆ ಎತ್ತರದ ಮೇಜಿನ ಮುಂದೆ, ಹಿರಿಯರ ಪಂಕ್ತಿಯಲ್ಲಿ ಕೂತ ಮಕ್ಕಳಂತೆ, ಮೊಣಕೈ ಮೇಲೆತ್ತಿಕೊಂಡು ಕೂತಿರುವ ಫೋಟೋ ಪತ್ರಿಕೆಯಲ್ಲಿ ಬಂತು. ಮೇಜಿನ ಆರೈಕೆಗೂ ಕಟ್ಟಳೆಗಳಾದವು. ಸೋಮವಾರ ನಾನು ಹೋಗಿ ನಮ್ಮ ಅರ್ಧವನ್ನು ತೀಡಬೇಕು. ಗುರುವಾರ ಅವರ ಕಡೆಯ ಪಾಲಿಶಿನವರು ಬಂದು ಅವರ ಅರ್ಧವನ್ನು ತೀಡಬೇಕು. ನಡುವಿನ ಸಂದಿನಿಂದ ಎರಡೂ ಕಡೆಗೆ ನಾಲ್ಕು ನಾಲ್ಕು ಬೆರಳಷ್ಟು ಜಾಗವನ್ನು ಯಾರೂ ಒಬ್ಬರೇ ಮುಟ್ಟಕೂಡದು. ಅಲ್ಲಿ ಏನಾದರೂ ಕೆಟ್ಟರೆ ಎರಡೂ ಕಡೆಯ ಕೆಲಸಗಾರರು ಒಟ್ಟಿಗೆ ಬಂದು, ಅಧಿಕಾರಿಗಳ ಎದುರಿಗೇ ಸರಿಮಾಡಬೇಕು. ಕೋಣೆಯಲ್ಲಿ ಚಹಾ ಕೂಡ ನಿಷಿದ್ಧ. ಯಾರಿಗೆ ಮೊದಲು ಕೊಡಬೇಕೆಂಬುದು ಇತ್ಯರ್ಥವಾಗದೆ, ಕಾಗದದ ಲೋಟದಲ್ಲಿ ತಣ್ಣೀರು ಮಾತ್ರ ಎಂದಾಗಿತ್ತು.

ಸೋಮವಾರಗಳಿಗಾಗಿ ನಾನು ಬದುಕತೊಡಗಿದೆ. ಬಾಗಿಲ ಬಳಿ ಕಾವಲಿನವನು ಕೂತಿರುತ್ತಿದ್ದ. ನಾನು ನಮ್ಮ ಅರ್ಧವನ್ನು ತೀಡುತ್ತಾ ಆಚೆ ಅರ್ಧವನ್ನು ನೋಡುತ್ತಿದ್ದೆ. ಕೆಲವು ವಾರ ಸುತ್ತುಗಳು ಬಿಗಿಯಾಗಿರುತ್ತಿದ್ದವು. ಬಾವನ ಜೊತೆ ಜಗಳವಾಡಿ ಬಂದಿದ್ದಾಳೆ ಅಂದುಕೊಳ್ಳುತ್ತಿದ್ದೆ. ಒಂದು ವಾರ ಮೂಲೆಯೊಂದನ್ನು ಅರ್ಧಕ್ಕೇ ಬಿಟ್ಟಿದ್ದಳು. ಜ್ವರವಿರಬಹುದೆಂದು ಮುಂದಿನ ಸೋಮವಾರದವರೆಗೆ ಅನ್ನ ಸೇರಲಿಲ್ಲ. ಅವಳ ಕೈ ನಾನು ಗುರುತಿಸಿದ ಮೇಲೆ, ನನಗೆ ಕೆಲಸ ಕಲಿಸಿದವಳು ನನ್ನ ಕೈ ಗುರುತಿಸದೆ ಇರುತ್ತಾಳೆಯೇ? ನಾನೂ ಚೆನ್ನಾಗಿದ್ದೇನೆ ಎಂದು ಅವಳಿಗೆ ತಿಳಿಯಲಿ ಅಂತ ಮೈಯೆಲ್ಲ ನೋಯುತ್ತಿದ್ದ ದಿನವೂ ಸಮನಾಗಿ ತೀಡುತ್ತಿದ್ದೆ.

ಹನ್ನೊಂದು ತಿಂಗಳಾದ ಮೇಲೆ ಒಪ್ಪಂದ ಬಂತು. ಸೇತುವೆ ತೆರೆಯುತ್ತದೆ, ಸರಕಿನ ಲಾರಿಗಳಿಗೆ ಮಾತ್ರ. ಸಿಮೆಂಟು ಹೋಗಬಹುದು, ಈರುಳ್ಳಿ ಹೋಗಬಹುದು. ಜನ ಮುಂದಿನ ಹಂತದಲ್ಲಿ.

"ಮುಂದಿನ ಹಂತ ಅಂದ್ರೆ ಯಾವಾಗ ಮೇಷ್ಟ್ರೇ?"

"ಹೇಳೋಕಾಗಲ್ಲಮ್ಮಾ. ಐದು ವರ್ಷ, ಹತ್ತು ವರ್ಷ. ಲಾಭ ಇಬ್ಬರಿಗೂ ಕಾಣ್ಬೇಕು. ಈರುಳ್ಳೀಲಿ ಲಾಭ ಕಾಣುತ್ತೆ. ಜನ ಓಡಾಡಿದ್ರೆ ಭಯ ಕಾಣುತ್ತೆ. ದೇಶಗಳಿಗೆ ಮನಸ್ಸಿರಲ್ಲ ನೋಡು, ಹಿತಾಸಕ್ತಿ ಇರುತ್ತೆ."

"ಈರುಳ್ಳಿಯಾಗಿ ಹುಟ್ಟಬೇಕಿತ್ತು ಹಾಗಾದ್ರೆ," ಎಂದೆ. ಅವರು ನಕ್ಕರು. ನಾನು ಒಳಗೆ ಹೋಗಿ ಪಾಲಿಶ್ ಡಬ್ಬಗಳ ನಡುವೆ ನಿಂತು ಅತ್ತೆ. ಹತ್ತು ವರ್ಷ! ಅಕ್ಕನಿಗೆ ಆಗಲೇ ಅರವತ್ತೇಳು.

ಕೆಟ್ಟ ಯೋಚನೆ ಬಂದದ್ದು ಅಲ್ಲಿಯೇ. ಅರಗಿನ ಪಾಲಿಶಿಗೆ ಒಂದೇ ಶತ್ರು, ಬಿಸಿ. ಬಿಸಿ ಲೋಟವನ್ನು ಐದು ನಿಮಿಷ ಇಟ್ಟರೆ ಸಾಕು, ಬೆಳ್ಳನೆಯ ಉಂಗುರ ಎದ್ದುಬಿಡುತ್ತದೆ. ನಡುವಿನ ಸಂದಿನ ಮೇಲೆ ಅಂಥದೊಂದು ಉಂಗುರ ಎದ್ದರೆ? ಎರಡೂ ಕಡೆಯ ಪಾಲಿಶಿನವರು ಒಟ್ಟಿಗೆ ಬರಬೇಕು. ಅವರದೇ ಕಟ್ಟಳೆ. ಕಾಲು ಗಂಟೆಯ ಕೆಲಸ ಅದು, ಆದರೆ ಮರ್ಯಾದೆ ಸಾಹೇಬರಿಗೆ ಅದು ಗೊತ್ತಿಲ್ಲ. ಇಡೀ ದಿನ ಬೇಕು ಎಂದರೆ ಇಡೀ ದಿನ ಕೊಡುತ್ತಾರೆ. ಅವಳ ಪಕ್ಕ ನಿಂತು ಒಂದು ದಿನ. ಮಾತಾಡಲು ಬಿಡದಿದ್ದರೂ ಬೇಡ.

ನೀವು ಪಾಲಿಶಿನ ಮನೆಯಲ್ಲಿ ಹುಟ್ಟಿದವರಲ್ಲ, ನಿಮಗೆ ಇದು ದೊಡ್ಡದೆನಿಸಲಿಕ್ಕಿಲ್ಲ. ತೀಡಿದ ಮರದ ಮೇಲೆ ಬಿಸಿ ಪಾತ್ರೆ ಇಡುವುದೆಂದರೆ ನಮ್ಮ ಮನೆಯಲ್ಲಿ ಉಂಡ ಮನೆಗೆ ಎರಡು ಬಗೆದಂತೆ. ಮೂರು ಸೋಮವಾರ ಹಿಂದೆಮುಂದೆ ನೋಡಿದೆ. ಚಳಿ ಹೆಚ್ಚಿತ್ತು. ಚಳಿಗೆ ಪಾಲಿಶ್ ಗಟ್ಟಿಯಾಗುವುದರಿಂದ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಹದಮಾಡಲು ಫ್ಲಾಸ್ಕ್ ಒಯ್ಯುವುದಕ್ಕೆ ಎರಡೂ ಕಡೆಯವರಿಗೂ ಅನುಮತಿಯಿತ್ತು. ನಾಲ್ಕನೆಯ ಸೋಮವಾರ ಫ್ಲಾಸ್ಕಿನ ಜೊತೆಗೆ ಚೀಲದಲ್ಲಿ ಒಂದು ಸ್ಟೀಲ್ ಲೋಟವನ್ನೂ ಇಟ್ಟುಕೊಂಡೆ. ಕಾವಲಿನವನು ರಿಜಿಸ್ಟರಿನಲ್ಲಿ ಫ್ಲಾಸ್ಕ್ ಒಂದು ಎಂದು ಬರೆದು ಒಳಗೆ ಬಿಟ್ಟ. ಮೇಜಿನ ಮೇಲಿನ ಬಟ್ಟೆ ಸರಿಸಿದೆ.

ಉಂಗುರ ಆಗಲೇ ಅಲ್ಲಿತ್ತು.

ಸಂದಿನ ಮೇಲೆ ಸರಿಯಾಗಿ, ಅರ್ಧ ಅವಳ ಕಡೆ, ಅರ್ಧ ನನ್ನ ಕಡೆ. ಲೋಟದ ಬುಡದ ಗಾತ್ರದ ಬಿಳಿ ಉಂಗುರ. ಚಹಾ ಬಾರದ ಕೋಣೆಯಲ್ಲಿ ಕೈತಪ್ಪಿ ಬೀಳುವಂಥದ್ದಲ್ಲ. ಗುರುವಾರ ಅವಳು ಇಟ್ಟು ಹೋಗಿದ್ದಾಳೆ. ಹೊಳೆಯ ಆಚೆ ಅವಳೂ ಇದೇ ಲೆಕ್ಕ ಹಾಕಿ, ಇದೇ ಪಾಪಕ್ಕೆ ಹೆದರಿ, ಕೊನೆಗೆ ನನಗಿಂತ ಮೊದಲು ಧೈರ್ಯ ಮಾಡಿದ್ದಾಳೆ. ಯಾವಾಗಲೂ ಹಾಗೆಯೇ, ಕಷ್ಟದ ಕೆಲಸವೆಲ್ಲ ಅವಳೇ ಮೊದಲು ಮಾಡುತ್ತಿದ್ದಳು. ನನಗೆ ನಗು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದು ಕೆಮ್ಮಾಯಿತು. "ಕಲೆ ಬಿದ್ದಿದೆ ಕಣಪ್ಪಾ!" ಎಂದು ಕಾವಲಿನವನನ್ನು ಕೂಗಿದೆ. "ನಡುಗೆರೆ ಮೇಲೆ ಬಿದ್ದಿದೆ. ಎರಡೂ ಕಡೆಯವರನ್ನ ಕರೀಬೇಕು."

ಮರ್ಯಾದೆ ಸಾಹೇಬರು ಓಡಿಬಂದರು. ರಿಜಿಸ್ಟರು ತೆರೆದು ನನ್ನನ್ನು ಕೇಳಿದರು. "ಫ್ಲಾಸ್ಕ್ ತಂದಿದ್ದೀರಿ. ನೀವು ಮಾಡಿದ್ದಾ ಇದು?"

"ಅಲ್ಲ ಸಾಹೇಬ್ರೇ."

ನಿಜವೇ. ಅಕ್ಕ ಒಂದು ವಾರ ತಡಮಾಡಿದ್ದರೆ ಆ ಮಾತು ಸುಳ್ಳಾಗುತ್ತಿತ್ತು.

ಆಮೇಲಿನ ಇಪ್ಪತ್ತು ದಿನ ನಾನು ಕರೆ ಬರುತ್ತದೆಂದು ಕಾದೆ. ಹೊಸ ಹತ್ತಿ ತಂದೆ, ಮೆತ್ತನೆಯ ಬಟ್ಟೆ ಹರಿದಿಟ್ಟೆ, ಒಳ್ಳೆಯ ಬಟ್ಟೆ ಇಸ್ತ್ರಿ ಮಾಡಿಸಿದೆ. ಕಾವಲಿನವರ ಎದುರಿಗೆ ಕೆಲಸದ ಮಾತಾದರೂ ಆಡಬಹುದಲ್ಲ, ಏನು ಹೇಳಲಿ ಎಂದು ಯೋಚಿಸಿದೆ. "ಅಕ್ಕಾ, ಇಲ್ಲಿ ಸ್ವಲ್ಪ ಎಣ್ಣೆ ಬೇಕಾ?" ಎಂದರೆ ಸಾಕು. ಅವಳು, "ನಿನಗೆ ಇನ್ನೂ ಬುದ್ಧಿ ಬಂದಿಲ್ವಲ್ಲೇ," ಅಂದೇ ಅನ್ನುತ್ತಾಳೆ. ಆ ಬೈಗುಳ ಕೇಳಲು ಹದಿನೈದು ವರ್ಷ ಬೇಕಾಯಿತು ಎಂದುಕೊಳ್ಳುತ್ತಿದ್ದೆ. ಯಜಮಾನರು ನನ್ನ ಪಾಲಿಶ್ ಪೆಟ್ಟಿಗೆಗೆ ಹೊಸ ಹಿಡಿ ಹಾಕಿಕೊಟ್ಟರು.

ಅತ್ತ ದೇಶಗಳು ಯೋಚಿಸುತ್ತಿದ್ದವು. ಮೇಷ್ಟ್ರು ಆ ಉಂಗುರದ ಬಗ್ಗೆ ಹದಿನಾಲ್ಕು ಪುಟದ ಟಿಪ್ಪಣಿ ಬರೆದರಂತೆ. ಒಂದು, ಎದುರಾಳಿ ನಮ್ಮ ತಾಳ್ಮೆಯನ್ನು ಸಣ್ಣ ಹಾನಿಯಿಂದ ಪರೀಕ್ಷಿಸುತ್ತಿರಬಹುದು. ಎರಡು, ಅವರೊಳಗೇ ಮಾತುಕತೆ ಬೇಡವೆನ್ನುವ ಗುಂಪಿನ ಕೈವಾಡವಿರಬಹುದು. ಮೂರು, ನಮ್ಮ ಮೇಲೆ ತಪ್ಪು ಹೊರಿಸಲು ಹೂಡಿದ ಆಟವಿರಬಹುದು. ಆಚೆ ಕಡೆಯಲ್ಲೂ ಒಬ್ಬ ಮೇಷ್ಟ್ರು ಇದ್ದೇ ಇರುತ್ತಾರೆ, ಅವರೂ ಹದಿನಾಲ್ಕು ಪುಟ ಬರೆದಿರುತ್ತಾರೆ. ಯಾರೂ ಯಾರ ಮೇಲೂ ಬಾಯಿಬಿಟ್ಟು ಆರೋಪ ಮಾಡಲಿಲ್ಲ. ಎರಡೂ ದೇಶಗಳು ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಒಂದೇ ದಿನದಲ್ಲಿ, ಒಂದು ಅಪಸ್ವರವೂ ಇಲ್ಲದೆ, ಒಂದು ವಿಷಯ ಒಪ್ಪಿಕೊಂಡವು: ಇನ್ನು ಮುಂದೆ ಪಾಲಿಶೇ ಬೇಡದ ಸ್ಟೀಲಿನ ಮೇಜು.

ಮರದ ಮೇಜಿನ ಬೋಲ್ಟು ಬಿಚ್ಚಿದರು. ಅಷ್ಟೆತ್ತರದ ಅರ್ಧ ಮೇಜು ಯಾವ ಕಚೇರಿಗೂ ಬೇಡವಾಯಿತು. ಮಾಡಿದವರಿಗೇ ಕೊಟ್ಟುಬಿಡುವುದೆಂದು ಎರಡೂ ಕಡೆ ತೀರ್ಮಾನವಾಯಿತಂತೆ. ನಮ್ಮ ಅರ್ಧ ಲಾರಿಯಲ್ಲಿ ವಾಪಸು ಬಂದು ಅಂಗಡಿಯ ಮುಂಭಾಗದಲ್ಲಿ ನಿಂತಿತು. ನನ್ನ ಸೋಮವಾರಗಳು ಮುಗಿದವು.

ಯಜಮಾನರು ಅದರ ಕಾಲಿನ ಮೂರು ಅಂಗುಲ ಕೊಯ್ದು ಸರಿಮಾಡಿದರು. ಅಂಚಿನಲ್ಲಿ ಅರ್ಧ ಉಂಗುರ ಹಾಗೇ ಇತ್ತು. ಸ್ಪಿರಿಟ್ ಹಾಕಿದ ಬಟ್ಟೆ ತಂದು ಒರೆಸಲು ಬಗ್ಗಿದವರ ಕೈ ಹಿಡಿದು ನಿಲ್ಲಿಸಿದೆ. ಅವರು ಬಟ್ಟೆ ಮಡಚಿ ಒಳಗಿಟ್ಟರು.

ಮೊನ್ನೆ ಮೇಷ್ಟ್ರು ಬಂದಿದ್ದರು. ಸಲಹೆಯ ಕೆಲಸ ಮುಗಿದಿತ್ತು, ಕೇಳುವ ಕಿವಿ ಹುಡುಕಿಕೊಂಡು ಬಂದಿದ್ದರು. ಚಹಾ ಕೊಟ್ಟೆ. ಅವರು ಅರ್ಧ ಉಂಗುರ ನೋಡಿ, "ಅಲ್ಲಮ್ಮಾ, ಪಾಲಿಶಿನವರ ಮನೇಲೇ ಕಲೆಯಾ?" ಎಂದರು.

ನನಗೆ ಸಿಟ್ಟು ಬಂತು. ಒಂದೂವರೆ ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಹೇಳಿಬಿಟ್ಟೆ. ಅಕ್ಕ, ಎಡಗೈ, ಗುರುವಾರ, ನನ್ನ ಚೀಲದಲ್ಲಿದ್ದ ಸ್ಟೀಲ್ ಲೋಟ, ಎಲ್ಲ. "ಯಾರೂ ಯಾರನ್ನೂ ಪರೀಕ್ಷೆ ಮಾಡಿದ್ದಲ್ಲ ಮೇಷ್ಟ್ರೇ. ನಮ್ಮಕ್ಕ ನನ್ನ ಕರೆದದ್ದು ಅದು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಗೊತ್ತಿದ್ರೂ ಬರೆಯೋಕಾಗ್ತಿರಲಿಲ್ಲಮ್ಮಾ," ಎಂದರು. "ಬರೆದಿದ್ರೆ ನಿಮ್ಮಿಬ್ಬರನ್ನೂ ಒಳಗೆ ಹಾಕ್ತಿದ್ರು." ಕನ್ನಡಕ ಮತ್ತೆ ಹಾಕಿಕೊಂಡು, "ಆದ್ರೆ ನನಗೆ ಹೊಳೆಯಲೂ ಇಲ್ಲ. ಹದಿನಾಲ್ಕು ಪುಟದಲ್ಲಿ ಒಂದು ಸಾಲೂ ಇಲ್ಲ," ಎಂದರು. ಪಾಪ, ಅವರ ಮುಖ ನೋಡಲಾಗಲಿಲ್ಲ.

"ಹೋಗಲಿ, ಇದನ್ನ ಅಳಿಸಬಾರದಾ? ನೋಡಿದಾಗೆಲ್ಲ ಸಂಕಟ ಅಲ್ವಾ?"

"ಇದರ ಇನ್ನರ್ಧ ಅಕ್ಕನ ಮನೇಲಿದೆ. ಅವಳು ಅಳಿಸಿರಲ್ಲ, ನನಗೆ ಗೊತ್ತು. ನಾನು ಇದನ್ನ ಅಳಿಸಿದ್ರೆ, ಅವಳ ಹತ್ರ ಇರೋದು ಬರೀ ಕಲೆಯಾಗಿಬಿಡುತ್ತೆ ಮೇಷ್ಟ್ರೇ."

ಮೇಷ್ಟ್ರು ಬಿಸಿ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕೂತರು, ಎಲ್ಲಿಡಬೇಕೆಂದು ತಿಳಿಯದೆ.